ಎರಡನೆಯದು

ಗಾಂಧಿ ಬಜಾರಿನ ಬಳೆ ಅಂಗಡಿಯ ಮೆಟ್ಟಿಲ ಪಕ್ಕ
ಗಡಿಯಾರ ರಿಪೇರಿಯ ಮಕ್ತುಂ ಸಾಹೇಬರು
ನನ್ನ ಐದು ರೂಪಾಯಿಯನ್ನು ಚಿಮ್ಮಟದಲ್ಲಿ ಹಿಡಿದು
ಮಸೂರದ ಕೆಳಗೆ ಒಂದು ಸುತ್ತು ತಿರುಗಿಸಿದರು.

ಸಿಂಹಗಳ ಕಾಲಡಿಯ ‘ಸತ್ಯಮೇವ’
ಎರಡೆರಡಾಗಿ ಕಾಣುತ್ತಿತ್ತು.
ಆಯನೂರಿನಲ್ಲಿ ಹತ್ತಿದ ಹೆಂಗಸೊಬ್ಬಳು ಕೊಟ್ಟಿದ್ದು.
ಮೂರು ದಿನ ಒಳಜೇಬಿನಲ್ಲಿಟ್ಟುಕೊಂಡು
ಮನಸ್ಸಿನಲ್ಲೇ ಮಾರಿ, ಫ್ರಿಜ್ಜು ಕೊಂಡು,
ಅದು ಬೇಡವೆಂದು ಬೈಕು ಕೊಂಡಿದ್ದೆ.

‘ಅಚ್ಚು ದಣಿದಿದೆಯಪ್ಪಾ. ಅಷ್ಟೇ.’

ಅಷ್ಟೇ ಅಂದರೆ?

‘ಒಂದು ಅಚ್ಚು ಎಷ್ಟು ಲಕ್ಷ ಸಲ ಬಡಿಯುತ್ತೆ!
ಬಡಿದು ಬಡಿದು ಅಂಚು ಸವೆಯುತ್ತೆ,
ಅಕ್ಷರ ಊದಿ ದಡದ ಕಡೆ ಹರಿಯುತ್ತೆ,
ನೀನು ಒದ್ದೆ ಟಿಕೇಟಿನ ಮೇಲೆ ಪೆನ್ನಲ್ಲಿ ಬರೆದ ಹಾಗೆ.
ನೋಡು, ಈ ಎರಡನೇ ಗೆರೆಗೆ ಮೈಯೇ ಇಲ್ಲ.’

ಆಮೇಲೆ ಡ್ರಾಯರಿನ ತಳದಿಂದ
ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಬಿಚ್ಚಿ
ಇನ್ನೊಂದು ಐದು ರೂಪಾಯಿ ತೆಗೆದರು.
ಮಸೂರ ನನ್ನ ಕಣ್ಣಿಗೆ ಕಚ್ಚಲಿಲ್ಲ, ಬೆರಳಲ್ಲಿ ಒತ್ತಿ ಹಿಡಿದೆ.
ಮೊದಲು ನನ್ನದೇ ರೆಪ್ಪೆ,
ಆಮೇಲೆ ಬರೀ ಬೆಳಕು,
ಆಮೇಲೆ ನಾಗರಿಯ ‘ವ’.
ಅದರ ಬೆನ್ನ ಹಿಂದಿನಿಂದ ಇಣುಕುವ ಇನ್ನೊಂದು ‘ವ’.
ಎರಡಕ್ಕೂ ಸಮ ಎತ್ತರ, ಎರಡೂ ದುಂಡು,
ಬೇರೆಯಾಗುವ ಮೂಲೆಯಲ್ಲಿ ಒಂದು ಕಚ್ಚು,
ಇಲಿ ಮುಟ್ಟಿದ ರೊಟ್ಟಿಯಷ್ಟು ಸ್ಪಷ್ಟ.

‘ತಾಯಚ್ಚು ಎರಡು ಸಲ ಕೂತಿದೆ,
ಎರಡನೇ ಸಲ ಕೂದಲೆಳೆ ಜರುಗಿ.
ಇದು ಹುಟ್ಟಿನಲ್ಲೇ ಬಂದದ್ದು.’

ಎಷ್ಟು ಸಿಗಬಹುದು ಸಾಹೇಬರೇ?

‘ಇನ್ನೊಂದು ಸಿಗಲಿ, ಹೇಳ್ತೀನಿ.
ಇದೇ ಅಕ್ಷರ, ಇದೇ ಮೂಲೆ, ಇದೇ ಕಚ್ಚು.
ಒಂದೇ ಇದ್ದರೆ ಯಾವನೋ ಕೆರೆದದ್ದು ಅಂತಾರೆ.
ಹನ್ನೊಂದು ವರ್ಷ ಆಯ್ತು. ಬರೋರೆಲ್ಲ
ಗಡಿಯಾರ ತರ್ತಾರೆ, ಚಿಲ್ಲರೆ ಯಾರು ತರ್ತಾರೆ?’

ಚಿಲ್ಲರೆ ನನ್ನಲ್ಲಿತ್ತು.

ಕುಂಸಿ ದಾಟಿ ಬಸ್ಸು ಖಾಲಿಯಾದಾಗ
ಹಿಂದಿನ ಸೀಟಿನ ಮೇಲೆ ಚೀಲ ಸುರಿದು
ಸಿಂಹಗಳನ್ನೆಲ್ಲ ಅಂಗಾತ ಮಲಗಿಸುತ್ತಿದ್ದೆ.
ಹೈದರಾಬಾದಿನ ನಕ್ಷತ್ರ, ನೋಯ್ಡಾದ ಚುಕ್ಕೆ,
ಗುರುತೇ ಇಲ್ಲದ ಕೋಲ್ಕತ್ತ.
ಎಷ್ಟೊಂದು ದಣಿದ ಅಚ್ಚುಗಳು!
ಕಿತ್ತಳೆ ಸಿಪ್ಪೆಯಂತೆ ತರಿಯಾದ ಬಯಲು,
ಏಟು ಬಿದ್ದಾಗ ಅದುರಿ
ಮೆಟ್ಟಿಲಂತೆ ಚಪ್ಪಟೆಯಾದ ಗೆರೆ (ಅದೂ ಲೆಕ್ಕಕ್ಕಿಲ್ಲ),
ಮೂಗು ಮೊಂಡಾದ ಸಿಂಹ.
ಹತ್ತೊಂಬತ್ತು ವರ್ಷ ರೈಟ್ ರೈಟ್ ಕೂಗಿದ ನನ್ನ ಗಂಟಲಲ್ಲೂ
ಈಗ ‘ಟ್’ ಕೇಳುವುದಿಲ್ಲವಂತೆ.
ಮಗಳು ಅಣಕಿಸುತ್ತಾಳೆ: ರೈ, ರೈ.
ಡ್ರೈವರ್ ಲಾರೆನ್ಸ ಕನ್ನಡಿಯಲ್ಲಿ ನೋಡಿ,
‘ಎಣಿಸ್ತಿದ್ದೀಯೋ, ಜಾತಕ ಬರೀತಿದ್ದೀಯೋ?’

ಎರಡು ವರ್ಷ. ಬಸ್ಸಿಗೆ ಬಣ್ಣ ಬದಲಾಯಿತು.

ಸಾಗರದ ಸ್ಟ್ಯಾಂಡಿನಲ್ಲಿ ಮೀನು ಬುಟ್ಟಿಯ ಮುದುಕಿ
ನಾನು ಕೊಟ್ಟ ಚಿಲ್ಲರೆಯಲ್ಲಿ ಒಂದನ್ನು ಎಸೆದಳು:
‘ಇದು ಸವಕಲು. ಬೇರೆ ಕೊಡೋ.’
ಬಿದ್ದದ್ದು ಎತ್ತಿದೆ.

ಮಕ್ತುಂ ಸಾಹೇಬರ ಕಣ್ಣಿಗೆ ಆಪರೇಷನ್ನಾಗಿತ್ತು,
ಹಸಿರು ಬಟ್ಟೆ. ಇನ್ನೊಂದು ಕಣ್ಣು ಮೊದಲೇ ಮಂಜು.
ಮಸೂರ ನನ್ನ ಕಡೆ ತಳ್ಳಿದರು.
‘ನೀನೇ ನೋಡು. ಅವಸರ ಮಾಡಬೇಡ.
ಫ್ರಿಜ್ಜು ಗಿಜ್ಜು ಮರೆತು ನೋಡು.’

ಗಾಜಿನ ಮೇಲೆ ಎರಡೂ ಪಕ್ಕ ಪಕ್ಕ.
ಹೊಸದರಲ್ಲಿ ಅಂಚು ಊದಿತ್ತು, ಬಯಲು ತರಿ,
ಅಕ್ಷರವೆಲ್ಲ ದಡದ ಕಡೆ ಹರಿದಿತ್ತು. ಸಾಯುವ ಮುಂಚೆ
ಆ ಅಚ್ಚು ಬಡಿದ ಕೊನೆಯವುಗಳಲ್ಲೊಂದಿರಬೇಕು.
ಕಚ್ಚು ತುಂಬಿಹೋಗಿತ್ತು,
ಬಾವಿಯಲ್ಲಿ ಹೂಳು ತುಂಬಿದ ಹಾಗೆ.
ಆದರೆ ಬಾವಿ ಇತ್ತು.
ಇತ್ತೋ, ಇರಲಿ ಎಂದು ನನಗನ್ನಿಸಿತೋ?
ಕಣ್ಣು ಬದಲಾಯಿಸಿ ಮತ್ತೆ ನೋಡಿದೆ.

‘ಎರಡನೇದು ಯಾವ ಕಡೆ ಜರುಗಿದೆ?’
‘ಬಲಕ್ಕೆ. ಒಂಚೂರು ಕೆಳಗೆ.’
ಅವರು ಹೆಬ್ಬೆರಳಿಂದ ಅದನ್ನು ಸವರುತ್ತ ಕೂತರು,
ಗೋಡೆಯ ಎಂಟು ಗಡಿಯಾರ ಎಂಟು ಹೊತ್ತು ತೋರಿಸುತ್ತಿದ್ದವು.
‘ಹ್ಞೂಂ’ ಅಂದರು.

ಎರಡನ್ನೂ ಒಂದೇ ಬೆಳ್ಳಿ ಕಾಗದದಲ್ಲಿ ಸುತ್ತಿ
ಡ್ರಾಯರಿನಲ್ಲಿ ತಡಕಾಡಿ
ನನಗೊಂದು ಐದು ರೂಪಾಯಿ ಕೊಟ್ಟರು:
‘ಕಂಡಕ್ಟರ ಲೆಕ್ಕ ತಪ್ಪಬಾರದು.’

ಬಸ್ಸು ಹತ್ತುವವರೆಗೂ ತಡೆದುಕೊಂಡೆ.